ತಾಯಂದಿರ ಜಡೆ

ಒಣಗಿದ ಬಾಲವನ್ನು ಹುರಿಗೆ ಎರಡು ಸುತ್ತು ಸುತ್ತಿ, ಕೆಳಗಿನ ಗೆಡ್ಡೆಯ ಕತ್ತಿನಡಿ ತೂರಿಸಿ, ಹೆಬ್ಬೆರಳಿನಿಂದ ಒತ್ತಿ ಬಿಗಿದು ಮುಂದಿನ ಈರುಳ್ಳಿಗೆ ಕೈಚಾಚುವಾಗ ಉಸ್ತೀನ್ಯಾಳ ಮನಸ್ಸಿನಲ್ಲಿದ್ದದ್ದು ಈರುಳ್ಳಿಯಲ್ಲ, ತನ್ನ ಕೈಗಳು ಚಂದವೇ ಎಂಬ ಪ್ರಶ್ನೆ. ಐವತ್ತು ದಾಟಿದ ಹೆಂಗಸು, ಅದೂ ದೇವಮಾತೆಯ ಹುಟ್ಟುಹಬ್ಬದ ಹಿಂದಿನ ದಿನ, ಬೀದಿಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಯೋಚಿಸುವ ವಿಷಯ ಇದಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಒಂದೊಂದು ಸುತ್ತಿಗೂ ಕಣ್ಣು ಕೈಯ ಮೇಲೆಯೇ ಹೋಗುತ್ತಿತ್ತು. ಬೆರಳಿನ ಸೀಳುಗಳಲ್ಲಿ ಮಣ್ಣು ಕೂತು ಕಪ್ಪಾಗಿತ್ತು. ಆಗಸ್ಟಿನಿಂದ ಈರುಳ್ಳಿ ಸಿಪ್ಪೆ ಉಜ್ಜಿ ಉಜ್ಜಿ ಉಗುರು ಹಳದಿಯಾಗಿತ್ತು. ಬಲಗೈಯ ತೋರುಬೆರಳು ಹುರಿ ಎಳೆದೂ ಎಳೆದೂ ಒಂದು ಕಡೆಗೆ ವಾಲಿ, ಯಾರಿಗೋ ದಾರಿ ತೋರಿಸಲು ಹೊರಟು ಮರೆತು ನಿಂತಂತಿತ್ತು. ಈ ಕೈಗಳನ್ನು ನೋಡಿ ಯಾರಾದರೂ ಚಂದ ಎಂದರೆ ಅವರು ಕನ್ನಡಕ ಬದಲಿಸಬೇಕು. ಹಾಗೆಂದವಳು ಕನ್ನಡಕ ಹಾಕಿದ್ದಳು ನಿಜ. ದಪ್ಪ ನೀಲಿ ಚೌಕಟ್ಟಿನದು. ಆದರೂ ಅವಳು ಅಂದಿದ್ದಳು. ಪ್ರವಾಸಿ ಬಸ್ಸಿನಿಂದಿಳಿದ ಅಷ್ಟೂ ಜನರ ಮುಂದೆ, ಜೋರಾಗಿ.

"ಉಸ್ತೀನ್ಯಾ! ತಾಯಂದಿರು ಒಣಗಿದ್ರೇನೇ?"

ಕಿಟಕಿಯ ಒಳಗಿನಿಂದ ಅತ್ತೆ ಅಗ್ರಫೇನಾಳ ದನಿ. ಕಣ್ಣಿಗೆ ಪೊರೆ ಬಂದಮೇಲೆ ಆಕೆಯ ದನಿಗೆ ಎರಡು ಪಟ್ಟು ಶಕ್ತಿ ಬಂದಿದೆ.

"ಒಣಗ್ತಾ ಇದಾರೆ ಅತ್ತೆ."

"ಮುಟ್ಟಿ ನೋಡ್ದೆಯೋ, ಬಾಯಲ್ಲಿ ಹೇಳ್ತೀಯೋ?"

"ಮುಟ್ಟಿದೆ ಅತ್ತೆ."

"ಸಂಜೆ ಪ್ರಾರ್ಥನೆ ಆದ್ಮೇಲೆ ಒಲೆ ಮೇಲೆ ಕಟ್ಟೋಣ. ನಾನೂ ಒಂದು ಸಲ ಕೈಯಾಡಿಸ್ಬೇಕು. ನೀನು ಆರಿಸಿರೋದು ಏನಿದೆಯೋ ನೋಡೋಣ."

ಆಗ ಉಸ್ತೀನ್ಯಾ ತಲೆಯೆತ್ತಿ ಬಾಗಿಲ ಚೌಕಟ್ಟಿನ ಎಡಗಡೆಯ ಮೊಳೆಯತ್ತ ನೋಡಿದಳು. ಮೊಳೆಯಿತ್ತು. ಮೊಳೆಯ ಕೆಳಗೆ ಮರದ ಮೇಲೆ, ಜಡೆ ತೂಗಿದ್ದ ಜಾಗದಲ್ಲಿ, ಒಂದಿಷ್ಟು ಸಿಪ್ಪೆಯ ಚೂರು ಅಂಟಿಕೊಂಡಿತ್ತು. ಜಡೆ ಇರಲಿಲ್ಲ.

ಇರುವುದಾದರೂ ಹೇಗೆ, ಅವಳೇ ಆ ಕನ್ನಡಕದವಳಿಗೆ ಕೊಟ್ಟಿದ್ದಳಲ್ಲ. ಆಶ್ಚರ್ಯವೆಂದರೆ ಕೊಟ್ಟದ್ದು ಅವಳಿಗೆ ಮರೆತಿರಲಿಲ್ಲ. ಕೊಟ್ಟದ್ದು ಏನನ್ನು ಎಂಬುದು ಮಾತ್ರ ಈಗ ಹೊಳೆಯಿತು. ಬೇಲಿಯುದ್ದಕ್ಕೂ ತೂಗುಹಾಕಿದ್ದ ದಪ್ಪ ದಪ್ಪ ಈರುಳ್ಳಿಯ ಜಡೆಗಳೆಲ್ಲ ಮಾರಲೆಂದೇ ಇದ್ದವು. ಅವೆಲ್ಲ ಹಾಲೆಂಡಿನ ಬೀಜ. ಊರಿನ ಎಲ್ಲರೂ ಈಗ ಅದನ್ನೇ ಹಾಕುವುದು. ಬಸ್ಸಿನ ಜನ ದಪ್ಪಗಿರುವುದನ್ನೇ ಹಳೆಯ ತಳಿ ಎಂದು ನಂಬುತ್ತಾರೆ. ಮನೆಯ ಮುಂದಿನ ಮಣ್ಣೇರಿಸಿ ಕಟ್ಟಿದ ಒಂದೇ ಒಂದು ಏರುಮಡಿಯಲ್ಲಿ ಮಾತ್ರ ಅತ್ತೆಯ ಅಜ್ಜಿಯ ಕಾಲದಿಂದ ಬಂದ ಈರುಳ್ಳಿ. ನೆಟ್ಟ ಒಂದು ಗೆಡ್ಡೆಯ ಸುತ್ತ ಆರೇಳು ಮಕ್ಕಳು ಹುಟ್ಟುವ ಜಾತಿ. ಶರತ್ಕಾಲದ ಮೊದಲಲ್ಲಿ ಅದನ್ನು ಕಿತ್ತು, ಒಣಗಿಸಿ, ದೊಡ್ಡದನ್ನು ತಿಂದು, ಚಿಕ್ಕದಾಗಿ ಕಲ್ಲಿನಂತೆ ಗಟ್ಟಿಯಾಗಿರುವುದನ್ನು ಆರಿಸಿ ಗಿಡ್ಡ ಜಡೆ ಹೆಣೆದು, ಚಳಿಗಾಲವಿಡೀ ಒಲೆಯ ಮೇಲಿನ ತೊಲೆಗೆ ಕಟ್ಟುತ್ತಾರೆ. ಬೆಚ್ಚಗಿದ್ದರೆ ಮುಂದಿನ ಬೇಸಗೆಯಲ್ಲಿ ಹೂವಿಗೆ ಹೋಗದೆ ಗೆಡ್ಡೆ ಕಟ್ಟುತ್ತದೆ. ಅವುಗಳ ಹೆಸರೇ ತಾಯಂದಿರು. ಈ ಮನೆಯಲ್ಲಿ ತಾಯಂದಿರನ್ನು ಆರಿಸುವ ಕೈ ಅಗ್ರಫೇನಾಳದು. ಕಣ್ಣು ಹೋದಮೇಲೂ ಎರಡು ವರ್ಷ ಬೆರಳಿನಿಂದಲೇ ಆರಿಸಿದಳು. ಈ ವರ್ಷ ಮೊದಲ ಬಾರಿಗೆ, ಅರ್ಧ ನಿಟ್ಟುಸಿರು ಅರ್ಧ ಬೈಗುಳದ ಜೊತೆ, "ತಗೋ, ನೀನೇ ಆರಿಸು, ಇನ್ನೆಷ್ಟು ದಿನ ನಾನು" ಎಂದು ಬುಟ್ಟಿಯನ್ನು ಸೊಸೆಯ ಕಡೆ ತಳ್ಳಿದ್ದಳು. ಅದಕ್ಕಾಗಿ ಕಾದಿದ್ದೇನೆ ಎಂದು ಉಸ್ತೀನ್ಯಾಗೆ ತಾನೇ ಗೊತ್ತಿರಲಿಲ್ಲ. ಬುಟ್ಟಿ ಮಡಿಲಿಗೆ ಬಂದಾಗ ಸುಮ್ಮಸುಮ್ಮನೆ ಕೋಳಿಗಳನ್ನು ಗದರಿಸಿದ್ದಳು. ಮೂರು ಸಂಜೆ ಕೂತು ಒಂದೊಂದನ್ನೂ ಒತ್ತಿ, ಮೂಸಿ, ತಿರುಗಿಸಿ ಆರಿಸಿದಳು. ಆಮೇಲೆ ಮೊದಲನೆಯ ಬಸ್ಸಿಗೇ ಕೊಟ್ಟುಬಿಟ್ಟಳು.

ನೀಲಿ ಕನ್ನಡಕದ ಆ ಹೆಂಗಸು ಮೊದಲು ಕೇಳಿದ್ದು ನೀರು. ಹೊರಗಿನವರಿಗೆಂದೇ ಜಗಲಿಯ ಗೂಡಿನಲ್ಲಿ ಇಟ್ಟಿರುವ ಹೂವಿನ ಲೋಟದಲ್ಲಿ ತಂದುಕೊಟ್ಟಳು. ಮನೆಯವರು ಅದರಲ್ಲಿ ಕುಡಿಯುವಂತಿಲ್ಲ, ಹೊರಗಿನವರು ಮನೆಯ ಲೋಟದಲ್ಲಿ ಕುಡಿಯುವಂತಿಲ್ಲ. ಅದರಿಂದಾಗಿ ಹೂವಿನ ಲೋಟ ಹೊಸದಾಗಿಯೇ ಉಳಿದು, ಮನೆಯವರ ಲೋಟಗಳೆಲ್ಲ ಅಂಚು ಮುರಿದಿವೆ. "ಅಯ್ಯೋ, ನನಗಾಗಿ ಒಳ್ಳೆ ಲೋಟ ತೆಗೆದ್ರಾ!" ಎಂದು ಆ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡಳು. ಅದನ್ನು ತಿದ್ದುವುದು ಹೇಗೆ? ಉಸ್ತೀನ್ಯಾ ನಕ್ಕಳು. ಆಮೇಲೆ ಆ ಹೆಂಗಸಿನ ಕಣ್ಣು ಮೊಳೆಯ ಮೇಲೆ ಹೋಯಿತು. "ಇದೇನು, ಇಷ್ಟು ಪುಟ್ಟದು, ಇಷ್ಟು ಮುದ್ದಾಗಿದೆ! ನೀವೇ ಹೆಣೆದಿದ್ದಾ? ಈ ಕೈಯಲ್ಲಾ? ನೋಡ್ರೇ, ಎಷ್ಟು ಚಂದದ ಕೈ!" ಹೆಂಗಸು ಅವಳ ಕೈಯನ್ನೇ ಹಿಡಿದು ಗುಂಪಿಗೆ ತೋರಿಸಿದಳು, ಮಣ್ಣು ಸಮೇತ. ಆ ಕೈ ಏನು ಮಾಡಬೇಕಿತ್ತು? ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರೋ ತನ್ನ ಹೆಸರು ಕರೆದಂತೆ ಅದು ಎದ್ದು ಹೋಗಿ, ಮೊಳೆಯಿಂದ ಜಡೆಯನ್ನು ತೆಗೆದು, ಆ ಹೆಂಗಸಿನ ಕೊರಳ ಬಳಿ ಚಾಚಿತು. ಅದು ಕೈಯ ತಪ್ಪು. ಉಸ್ತೀನ್ಯಾಳ ತಪ್ಪೇನಿತ್ತು? ಎಂದು ಕೇಳಿಕೊಂಡಳು, ಆದರೆ ಆ ಮಾತನ್ನು ತಾನೇ ನಂಬಲಿಲ್ಲ. ಏಕೆಂದರೆ ಜಡೆ ಕೈಬಿಟ್ಟು ಹೋದ ಆ ಗಳಿಗೆಯಲ್ಲಿ ಹೊಟ್ಟೆಯೊಳಗೆ ಎಲ್ಲೋ ಒಂದು ಹಗುರು, ಯಾರೋ ಬಹಳ ದಿನದಿಂದ ಕೂತಿದ್ದ ನೆಂಟರು ಎದ್ದು ಹೊರಟಂಥ ಹಗುರು, ಸುಳಿದದ್ದು ನಿಜ.

ಮದುವೆಯಾಗಿ ಬಂದ ಮೊದಲ ಚಳಿಗಾಲ ಅವಳ ಹಾಸಿಗೆ ಕಿಟಕಿಯ ಕೆಳಗೆ. ಸರೋವರ ಹೆಪ್ಪುಗಟ್ಟಿ ರಾತ್ರಿಯೆಲ್ಲ ಬಿರುಕು ಬಿಡುತ್ತಿದ್ದ ಸದ್ದು. ಬೆಳಗ್ಗೆ ಎದ್ದರೆ ಹೊದಿಕೆಯ ಅಂಚಿನಲ್ಲಿ ಉಸಿರೇ ಮಂಜಾಗಿ ಕೂತಿರುತ್ತಿತ್ತು. ಒಲೆಯ ಪಕ್ಕದ ಬೆಚ್ಚಗಿನ ಮಂಚದಲ್ಲಿ ಅತ್ತೆ. ಒಲೆಯ ಮೇಲೆ ಈರುಳ್ಳಿ. "ಒಂದು ರಾತ್ರಿ ಅವನ್ನ ಈ ಕಡೆ ಕಟ್ಟಿ, ನಾನು ಆ ಕಡೆ ಮಲಗ್ಲಾ?" ಎಂದು ಗಂಡ ಲುಕ್ಯಾನನನ್ನು ಪಿಸುಗುಟ್ಟಿ ಕೇಳಿದ್ದಳು. ಅವನು ಬಹಳ ಹೊತ್ತು ಯೋಚಿಸಿ, ಅವನು ಎಲ್ಲವನ್ನೂ ಬಹಳ ಹೊತ್ತು ಯೋಚಿಸುತ್ತಾನೆ, "ಅವು ಚಳಿ ತಿಂದ್ರೆ ಮುಂದಿನ ವರ್ಷ ಹಾಳು. ನೀನು ಹಾಳಾಗಲ್ವಲ್ಲ" ಎಂದಿದ್ದ. ಅದನ್ನು ಅವನು ಹೊಗಳಿಕೆಯಾಗಿಯೇ ಹೇಳಿದ್ದ. ಅವಳೂ ಹಾಗೇ ತಿಳಿದು ಗೋಡೆಯ ಕಡೆ ತಿರುಗಿ, ಬೆಳಗಿನವರೆಗೂ ಹಲ್ಲು ಕಟಕಟಿಸುತ್ತ, ನಾನು ಹಾಳಾಗುವವಳಲ್ಲ ಎಂದುಕೊಂಡು ಮಲಗಿದ್ದಳು.

ಉಸ್ತೀನ್ಯಾ ಬೆಂಚಿನಿಂದ ಎದ್ದಳು. ಬೇಲಿಯ ಮೇಲಿನ ಅತಿ ದಪ್ಪ ಜಡೆಯೊಂದನ್ನು ಸೈಕಲ್ಲಿನ ಹಿಡಿಗೆ ಸುತ್ತಿದಳು. ಬಸ್ಸು ಹೊರಟು ಬಹಳ ಹೊತ್ತಾಗಿರಲಿಲ್ಲ. ಈ ಬಸ್ಸುಗಳೆಲ್ಲ ಮುಂದಿನ ಊರಿನ ಮೀನಿನ ಹೋಟೆಲಿನಲ್ಲಿ ಊಟಕ್ಕೆ ನಿಲ್ಲುತ್ತವೆ. ಹೋಗುವುದು, ತಪ್ಪಾಯಿತು ಎನ್ನುವುದು, ದೊಡ್ಡದನ್ನು ಕೊಟ್ಟು ಚಿಕ್ಕದನ್ನು ತರುವುದು. ಇದರಲ್ಲಿ ಕಷ್ಟವೇನಿದೆ?

"ಎಲ್ಲಿಗೇ?" ಕಿಟಕಿ ಕೇಳಿತು.

"ಉಪ್ಪಿಗೆ ಅತ್ತೆ."

"ಉಪ್ಪಿಗೆ ಸೈಕಲ್ಲಾ? ಅಂಗಡಿ ಎದುರುಮನೆ ಪಕ್ಕದಲ್ಲೇ ಇದೆಯಲ್ಲೇ!"

"ದಪ್ಪ ಉಪ್ಪು ಅತ್ತೆ. ಎಲೆಕೋಸಿಗೆ."

ಹಿಂದಿನ ಏರುಮಡಿಗಳಲ್ಲಿ ಒಣ ಸೊಪ್ಪು ಬಾಚುತ್ತಿದ್ದ ಲುಕ್ಯಾನ ಕುಂಟೆಯ ಹಿಡಿಯ ಮೇಲೆ ಗಡ್ಡವನ್ನೊರಗಿಸಿ ನಿಂತಿದ್ದ. ಅವಳು ಬ್ರೇಕು ಹಿಡಿದಳು. ಹೇಳಿಬಿಡುವುದೇ? "ಲುಕ್ಯಾನ್, ಒಂದು ಮಾತು. ತಾಯಂದಿರು ಕಳೆದುಹೋದ್ರೆ ಜನ ಏನು ಮಾಡ್ತಾರೆ?" ಅವನು ಯೋಚಿಸಿದ. ಸರೋವರದ ಮೇಲೆ ಹೆಬ್ಬಾತುಗಳ ಸಾಲೊಂದು ದಕ್ಷಿಣಕ್ಕೆ ದಾಟಿಹೋಗುವಷ್ಟು ಹೊತ್ತು ಯೋಚಿಸಿದ. "ಯಾಕೆ, ಕಳೆದುಹೋದ್ವಾ?" "ಇಲ್ಲ." "ಹಾಗಿದ್ರೆ ಇವೆ" ಎಂದು ಕುಂಟೆಯನ್ನು ಮತ್ತೆ ನೆಲಕ್ಕಿಟ್ಟ.

ಸರೋವರದ ದಡದ ರಸ್ತೆಯಲ್ಲಿ ಗಾಳಿ ಎದುರಿಗೆ. ಹಿಡಿಗೆ ಸುತ್ತಿದ ಈರುಳ್ಳಿ ಒಂದೊಂದು ತುಳಿತಕ್ಕೂ ಮೊಣಕಾಲಿಗೆ ಬಡಿಯುತ್ತಿರಲು, ಯಾರೋ ಹಿಂದಿನಿಂದ ಅಟ್ಟುತ್ತಿರುವ ದನದಂತೆ ಅವಳು ಓಡಿದಳು. ಬೇಲಿಬೇಲಿಯ ಮುಂದೆ ಬೆಂಚು, ಬೆಂಚಿನ ಮೇಲೆ ಹೆಂಗಸರು, ಹೆಂಗಸರ ಮಡಿಲಲ್ಲಿ ಈರುಳ್ಳಿ. ಎಲ್ಲರೂ ತಲೆಯೆತ್ತಿ ನೋಡುವವರೇ. ಈರುಳ್ಳಿ ಹೊತ್ತು ಈರುಳ್ಳಿಯ ಊರಿನಿಂದ ಈರುಳ್ಳಿಯ ಊರಿಗೆ ಸೈಕಲ್ಲಿನಲ್ಲಿ ಹೋಗುವ ಹೆಂಗಸನ್ನು ಅವರು ಈವರೆಗೆ ನೋಡಿರಲಿಲ್ಲ. ಹೇಳಬೇಕಾದ ಮಾತನ್ನು ಅವಳು ದಾರಿಯುದ್ದಕ್ಕೂ ಕಟ್ಟಿದಳು. ಅಮ್ಮಾ, ಅದು ಮಾರುವುದಲ್ಲ. ಅಮ್ಮಾ, ಅದು ನನ್ನದಲ್ಲ. ಅಮ್ಮಾ, ಅದು ನನ್ನದಾಗಲು ಮೂವತ್ತು ವರ್ಷ ಬೇಕಾಯಿತು. ಮೂರನೆಯದನ್ನು ಹೇಳಿದರೆ ಅತ್ತುಬಿಡುತ್ತೇನೆ ಎನಿಸಿ ಮೊದಲನೆಯದಕ್ಕೇ ಗಟ್ಟಿಮಾಡಿದಳು.

ಹೋಟೆಲಿನ ಮುಂದೆ ಬಸ್ಸು ನಿಂತಿತ್ತು. ಹೊರಗಿನ ಮೇಜುಗಳಲ್ಲಿ ಜನ ಹುರಿದ ಮೀನು ತಿನ್ನುತ್ತಿದ್ದರು. ನೀಲಿ ಕನ್ನಡಕದವಳು ಮಧ್ಯದಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ತಾಯಂದಿರ ಜಡೆಯನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು, ಎಡಕ್ಕೂ ಬಲಕ್ಕೂ ತಿರುಗಿ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಅಗ್ರಫೇನಾಳ ಅಜ್ಜಿಯ ಈರುಳ್ಳಿ ಇಷ್ಟು ಸಂತೋಷವಾಗಿರುವುದನ್ನು ಉಸ್ತೀನ್ಯಾ ಕಂಡಿರಲಿಲ್ಲ.

"ಅರೆ, ಇವರೇ! ಇವರೇ ಹೆಣೆದಿದ್ದು! ನೋಡ್ರೇ, ಹುಡುಕ್ಕೊಂಡು ಬಂದಿದಾರೆ!"

ಎಲ್ಲರೂ ತಿರುಗಿದರು. ಯಾರೋ ಎದ್ದು ಜಾಗ ಕೊಟ್ಟರು. ಯಾರೋ ಅವಳ ತಲೆವಸ್ತ್ರದ ಗಂಟು ಎಷ್ಟು ಚಂದ ಎಂದರು. ಅವಳನ್ನು ಆ ಹೆಂಗಸಿನ ಪಕ್ಕಕ್ಕೆ ನಿಲ್ಲಿಸಿ ಇನ್ನೊಂದು ಫೋಟೋ ಆಯಿತು.

"ಅಮ್ಮಾ, ಅದು..." ಎಂದಳು ಉಸ್ತೀನ್ಯಾ.

"ಹೇಳಿ, ಹೇಳಿ! ಸುಮ್ಮನಿರ್ರೇ, ಏನೋ ಹೇಳ್ತಿದಾರೆ."

ಅಷ್ಟು ಮಂದಿ ಅಷ್ಟು ಗೌರವದಿಂದ ಸುಮ್ಮನಾದರು. ಹೋಟೆಲಿನ ಅಡುಗೆಯವಳು ಕೂಡ ಬಾಗಿಲಿಗೆ ಬಂದು, ಸೌಟು ಹಿಡಿದು ನಿಂತಳು. ಉಸ್ತೀನ್ಯಾಳ ಮಾತಿಗೆ ಇಷ್ಟು ಜನ ಕಾದದ್ದು ಈ ಜನ್ಮದಲ್ಲಿ ಇದೇ ಮೊದಲು. ಆ ಮೌನದೊಳಗೆ 'ಅದನ್ನು ವಾಪಸು ಕೊಡಿ' ಎಂಬ ಮಾತನ್ನು ಇಡುವುದು ಮದುವೆಯ ಮೇಜಿನ ಮೇಲೆ ಕೆಸರಿನ ಬೂಟು ಇಟ್ಟಂತೆ ಕಂಡಿತು.

"ಅದು... ಬೆಚ್ಚಗಿರೋ ಕಡೆ ಕಟ್ಬೇಕು" ಎಂದಳು. "ಒಲೆ ಹತ್ರ."

"ಅಯ್ಯೋ ದೇವರೇ, ಇದನ್ನ ಹೇಳೋಕೆ ಇಷ್ಟು ದೂರ ಸೈಕಲ್ ತುಳ್ಕೊಂಡು ಬಂದ್ರಾ!" ಹೆಂಗಸಿನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. "ನಮ್ಮನೇಲಿ ಸೌದೆ ಒಲೆ ಇಲ್ಲ ಕಣ್ರೀ. ಬಚ್ಚಲುಮನೇಲಿ ಕಟ್ತೀನಿ. ಬೆಚ್ಚಗಿರುತ್ತೆ, ನೀಲಿ ಗೋಡೆಗೆ ಒಪ್ಪುತ್ತೆ ಕೂಡ. ಮತ್ತೆ ಇದು? ಇದೂ ನನಗೇನಾ?"

ಅವಳು ನೋಡುತ್ತಿದ್ದುದು ಸೈಕಲ್ಲಿನ ಹಿಡಿಯತ್ತ. ಉಸ್ತೀನ್ಯಾ ದಪ್ಪ ಜಡೆಯನ್ನು ಬಿಚ್ಚಿ ಅದನ್ನೂ ಅವಳ ಕೊರಳಿಗೆ ಹಾಕಿದಳು. ಚಪ್ಪಾಳೆ ಬಿತ್ತು.

ಬರುವಾಗ ಗಾಳಿ ಬೆನ್ನಿಗಿತ್ತು. ಸೈಕಲ್ಲು ಬಹಳ ಹಗುರಾಗಿತ್ತು. ಉಳಿದದ್ದು ಒಂದೇ ದಾರಿ, ಅದು ಪೆಲಗೇಯಾ. ಲುಕ್ಯಾನನ ಅಕ್ಕ, ಇದೇ ಬೀದಿಗೆ ಮದುವೆಯಾಗಿ, ಹೋಗುವಾಗ ತವರಿನ ತಾಯಂದಿರಲ್ಲಿ ಒಂದು ಹಿಡಿಯನ್ನು ಮಡಿಲಲ್ಲಿ ತುಂಬಿಸಿಕೊಂಡು ಹೋದವಳು. ಅವಳ ಒಲೆಯ ಮೇಲೂ ಇದೇ ಈರುಳ್ಳಿ ತೂಗುತ್ತದೆ. ಹತ್ತು ಗೆಡ್ಡೆ ಕೇಳಿದರೆ ಕೊಡುತ್ತಾಳೆ. ಕೊಡುತ್ತಾಳೆ ಎಂಬುದೇ ಭಯ. ಒಮ್ಮೆ ಅವಳಿಂದ ಜರಡಿ ಸಾಲ ತಂದು ಒಂದು ದಿನ ತಡವಾಗಿ ಮರಳಿಸಿದ್ದಕ್ಕೆ, ಇಂದಿಗೂ ಯಾರಾದರೂ ಹಿಟ್ಟಿನ ಮಾತೆತ್ತಿದರೆ ಸಾಕು, ಪೆಲಗೇಯಾ ಮೇಲೆ ನೋಡಿ ಸಣ್ಣಗೆ ನಗುತ್ತಾಳೆ.

ಪೆಲಗೇಯಾ ತನ್ನ ತೋಟದಲ್ಲಿ ಬಗ್ಗಿ ಬೀಟ್‌ರೂಟು ಕೀಳುತ್ತಿದ್ದಳು. ತಲೆಯೆತ್ತದೆ, ಬೀಟಿನ ಜೊತೆಗೇ ಮಾತಾಡುವಂತೆ ಅಂದಳು: "ಏನೇ ಕಪ್ಪೆನಾಡಿನವಳೇ, ತಾಯಂದಿರನ್ನ ಬಸ್ಸು ಹತ್ತಿಸಿದ್ಯಂತೆ?"

ಉಸ್ತೀನ್ಯಾ ಹುಟ್ಟಿದ್ದು ಸರೋವರದ ನಡುವಿನ ದ್ವೀಪದಲ್ಲಿ. ಅರ್ಧ ಜವುಗು, ಅರ್ಧ ಕಪ್ಪೆ ಎಂದು ಈ ದಡದವರ ಮಾತು. ಅದು ಅವಳಿಗೆ ಅಭ್ಯಾಸವಾಗಿತ್ತು. "ಯಾರು ಹೇಳಿದ್ರು ಅಕ್ಕ?"

"ನೀನು ಸೈಕಲ್ ತುಳೀತಿದ್ದಾಗ್ಲೇ ಹೋಟ್ಲು ಅಡುಗೆಯವಳು ಫೋನ್ ಮಾಡಿದ್ಲು. ನಿಮ್ಮನೆ ಸೊಸೆ ಬಂದು, ಪುಟ್ಟ ಗೆಡ್ಡೆಯ ಗಿಡ್ಡ ಜಡೆ ಹಾಕ್ಕೊಂಡಿದ್ದ ಒಬ್ಬಳ ಕೊರಳಿಗೆ ಇನ್ನೊಂದು ಹಾರ ಹಾಕಿ ಹೋದ್ಲು, ಏನು ಸಮಾಚಾರ, ಮದುವೇನಾ ಅಂತ." ಈಗ ಪೆಲಗೇಯಾ ನೆಟ್ಟಗಾಗಿ, ಸೊಂಟಕ್ಕೆ ಕೈಕೊಟ್ಟು, ಮುಖದ ತುಂಬ ಕರುಣೆ ತುಂಬಿಕೊಂಡಳು. "ಹೆದರ್ಬೇಡ ಕಣೇ. ನನ್ನವು ಇವೆಯಲ್ಲ. ಸಂಜೆ ಏಪ್ರನ್ನಲ್ಲಿ ಮುಚ್ಕೊಂಡು ತರ್ತೀನಿ. ಅಮ್ಮಂಗೆ ಹೇಳಲ್ಲ. ಲುಕ್ಯಾನಂಗೂ ಹೇಳಲ್ಲ. ಸಾಯೋ ತನಕ ಒಬ್ರಿಗೂ ಹೇಳಲ್ಲ."

ಸಾಯುವ ತನಕ. ಉಸ್ತೀನ್ಯಾ ಆ ವರ್ಷಗಳನ್ನು ಒಂದರ ಹಿಂದೆ ಒಂದರಂತೆ ಕಂಡಳು. ಪ್ರಾರ್ಥನಾಮಂದಿರದ ಹೆಂಗಸರ ಸಾಲಿನಲ್ಲಿ ಪಕ್ಕದಲ್ಲಿ ನಿಂತು ಹೇಳದೆ ಇರುವ ಪೆಲಗೇಯಾ. ಹಬ್ಬದ ಮೇಜಿನಲ್ಲಿ ಈರುಳ್ಳಿ ಕಡುಬು ಮುರಿಯುತ್ತ, ಮೇಲೆ ನೋಡುತ್ತ, ಹೇಳದೆ ಇರುವ ಪೆಲಗೇಯಾ. ತನ್ನ ಶವಪೆಟ್ಟಿಗೆಯ ಮೇಲೆ ಬಗ್ಗಿ, ಕೊನೆಯ ಮುತ್ತು ಕೊಟ್ಟು, ಆಗಲೂ ಹೇಳದೆ ಇರುವ ಪೆಲಗೇಯಾ.

"ಅದು ತಾಯಂದಿರಲ್ಲ ಅಕ್ಕ" ಎಂದಳು ಉಸ್ತೀನ್ಯಾ. ಮಾತು ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಮೆಚ್ಚುಗೆಯಾಯಿತು. "ಚಿಕ್ಕಚಿಕ್ಕದು ಉಳಿದಿತ್ತಲ್ಲ, ಸುಮ್ನೆ ಆಟಕ್ಕೆ ಹೆಣೆದಿದ್ದೆ. ತಾಯಂದಿರು ಮನೇಲಿದಾರೆ."

"ಹೌದಾ?"

"ಹೂಂ."

"ಸರಿ ಹಾಗಿದ್ರೆ, ಸಂಜೆ ಬಂದು ನೋಡ್ಕೊಂಡು ಹೋಗ್ತೀನಿ. ನನಗೂ ಆಸೆ, ನೀನು ಮೊದಲನೇ ಸಲ ಆರಿಸಿರೋದು" ಎಂದು ಪೆಲಗೇಯಾ ಮತ್ತೆ ಬೀಟಿಗೆ ಬಗ್ಗಿದಳು.

ಬೆಳಕು ಇಳಿಯುತ್ತಿತ್ತು. ಈ ಕಾಲದಲ್ಲಿ ಸೂರ್ಯ ಹೊರಟರೆ ಹಿಂತಿರುಗಿ ನೋಡುವುದಿಲ್ಲ. ಉಸ್ತೀನ್ಯಾ ಮನೆಯೊಳಗೆ ಹೋಗದೆ ಹಿತ್ತಲಿನ ಉಗಿಸ್ನಾನದ ಕೋಣೆಗೆ ಹೋಗಿ, ಕತ್ತಲಲ್ಲಿ, ಹಲಗೆಯ ಮೇಲೆ ಕೂತಳು. ಅಳಬೇಕೆಂದು ಕೂತದ್ದು. ಕೈಯೂರಿದ ಕಡೆ ಏನೋ ಉರುಳಿತು. ಒಣಗಲು ಹರಡಿದ್ದ ಅವಳದೇ ಈರುಳ್ಳಿ. ಅಲೆಗಳಾಚೆಯ ತಮ್ಮ ವರ್ಷಕ್ಕೊಮ್ಮೆ ದೋಣಿಯವನ ಕೈಯಲ್ಲಿ ಒಂದು ಕಾಲುಚೀಲದ ತುಂಬ ಕಳಿಸುವ, ತವರಿನ ಈರುಳ್ಳಿ. ಅಮ್ಮ ಸತ್ತ ವರ್ಷದಿಂದ ಅದನ್ನು ಆಲೂಗೆಡ್ಡೆಯ ಸಾಲು ಮುಗಿಯುವಲ್ಲಿ, ಕರ್ರಂಟು ಹಣ್ಣಿನ ಪೊದೆಯ ಮರೆಯಲ್ಲಿ, ಯಾರೂ ಕೇಳದ ಒಂದು ಚಾಪೆಯಗಲದಲ್ಲಿ ನೆಡುತ್ತಿದ್ದಳು. ಲುಕ್ಯಾನ ಒಮ್ಮೆ ಅದೇನು ಎಂದದ್ದಕ್ಕೆ "ಕೋಳಿಗೆ" ಎಂದಿದ್ದಳು, ಅವನು ಯೋಚಿಸಿ ಒಪ್ಪಿದ್ದ. ಅದನ್ನು ಅವಳು ಎಂದೂ ಮನೆಯೊಳಗೆ ತಂದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ದ್ವೀಪದ ಈರುಳ್ಳಿಯನ್ನು ಎರಡು ಬೆರಳಲ್ಲಿ ಎತ್ತಿಹಿಡಿದು, "ಇದು ಈರುಳ್ಳಿಯಲ್ಲ, ಸಿಪ್ಪೆ ಹೊದ್ದ ನೀರು" ಎಂದು ನೆರೆಯವರ ಮುಂದೆ ಹೇಳಿದ್ದಳು, ನೆರೆಯವರು ನಕ್ಕಿದ್ದರು, ಉಸ್ತೀನ್ಯಾ ಕೂಡ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ. ಆ ನಗು ಈಗಲೂ ಕೆಲವೊಮ್ಮೆ ಪಾತ್ರೆ ತೊಳೆಯುವಾಗ ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಕತ್ತಲಲ್ಲೇ ಅವಳ ಬೆರಳು ಆರಿಸತೊಡಗಿದವು. ಚಿಕ್ಕದು, ಗಟ್ಟಿಯದು, ಕತ್ತು ಸಣ್ಣಗೆ ಮುಚ್ಚಿಕೊಂಡಿರುವುದು. ಈ ಕೆಲಸಕ್ಕೆ ಬೆಳಕು ಬೇಕಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಅತ್ತೆ ಎರಡು ವರ್ಷ ಹೇಗೆ ಆರಿಸಿದಳು ಎಂಬುದೂ ತಿಳಿಯಿತು. ಜಡೆ ಮುಗಿದಾಗ ಅದು ಮೊದಲಿನದಕ್ಕಿಂತ ಒಂದಿಷ್ಟು ಕೆಂಪು, ಅಷ್ಟೇ.

ಸಂಜೆಯ ಪ್ರಾರ್ಥನೆಯಿಂದ ಎಲ್ಲರೂ ಮರಳಿದಾಗ ಪೆಲಗೇಯಾಳೂ ಜೊತೆಗೇ ಬಂದಳು. ಅವಳ ಏಪ್ರನ್ನು ಒಂದು ಕಡೆ ಉಬ್ಬಿತ್ತು. ಲುಕ್ಯಾನ ಚಹಾ ಕಾಯಿಸುವ ಸಮೋವಾರಿಗೆ ಕೆಂಡ ಹಾಕಿದ. ಅಗ್ರಫೇನಾ ಒಲೆಯ ಪಕ್ಕದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು, ಎರಡೂ ಕೈ ಮುಂದೆ ಚಾಚಿದಳು, ಮಗುವನ್ನು ಕೊಡಿ ಎನ್ನುವವಳಂತೆ.

"ತಾ."

ಉಸ್ತೀನ್ಯಾ ತಂದುಕೊಟ್ಟಳು. ಮುದುಕಿಯ ಬೆರಳು ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆಡ್ಡೆಯನ್ನು ದಾಟಿದವು. ಕೆಲವದರ ಮೇಲೆ ನಿಂತವು. ಒಂದನ್ನು ಕಿವಿಯ ಬಳಿ ಹಿಡಿದು ಒತ್ತಿದಳು. ಒಂದರ ಬುಡವನ್ನು ಉಗುರಿನಿಂದ ಗೀರಿ ಮೂಸಿದಳು. ಸಮೋವಾರು ಹಾಡಲು ಶುರುಮಾಡಿತ್ತು. ಈಗ ಬೈಗುಳ ಬರುತ್ತದೆ, ಈಗ ಬರುತ್ತದೆ ಎಂದು ಉಸ್ತೀನ್ಯಾ ತನ್ನ ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು.

"ಗಟ್ಟಿ ಇವೆ" ಎಂದಳು ಅಗ್ರಫೇನಾ. ಮತ್ತೊಂದನ್ನು ಬೆರಳಲ್ಲಿ ತಿರುಗಿಸಿದಳು. "ಕತ್ತು ಸಣ್ಣ. ನನ್ನ ಕೈಯಲ್ಲಿ ಇತ್ತೀಚೆಗೆ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ. ಕಲಿತಿದೀಯ ನೀನು."

ಉಸ್ತೀನ್ಯಾಳ ಒಳಗೆ ಬೆಲ್ಲದಂಥದ್ದೇನೋ ಕರಗಿ, ಅದರ ಹಿಂದೆಯೇ ಬೇವಿನಂಥದ್ದೂ ಇಳಿಯಿತು.

"ಅಮ್ಮ," ಪೆಲಗೇಯಾ ಕತ್ತು ಚಾಚಿದಳು, "ಸ್ವಲ್ಪ ಕೆಂಪಗಿಲ್ವಾ?"

"ಯಾರು, ನಾನಾ?"

"ಈರುಳ್ಳಿ ಅಮ್ಮ."

"ಈರುಳ್ಳಿನ ಕಣ್ಣಲ್ಲಿ ನೋಡ್ತಾರೇನೇ? ಅದಕ್ಕೇ ನಿನ್ನವು ಮಾರ್ಚಿಗೇ ಮೊಳಕೆ ಒಡೆಯೋದು. ಈ ಹುಡುಗಿ ಹತ್ರ ಬಂದು ಕಲ್ತ್ಕೊ. ಲುಕ್ಯಾ, ಮೇಲೆ ಕಟ್ಟೋ. ಬೆಚ್ಚಗಿರೋ ಕಡೆ, ಚಿಮಣಿ ಪಕ್ಕಕ್ಕೆ."

ಲುಕ್ಯಾನ ಸ್ಟೂಲು ಹತ್ತಿ ಕಟ್ಟಿದ. ಕಟ್ಟುತ್ತ ಜಡೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಆಮೇಲೆ ಇಳಿದು, "ಕೋಳಿಗೆ ಏನು ಹಾಕೋದು ಹಾಗಿದ್ರೆ?" ಎಂದ. "ಜೋಳ" ಎಂದಳು ಉಸ್ತೀನ್ಯಾ. ಅವನು ಯೋಚಿಸಿ ತಲೆಯಾಡಿಸಿದ.

ಹೊರಡುವಾಗ ಪೆಲಗೇಯಾ ಅಡುಗೆಕೋಣೆಯಲ್ಲಿ ಅವಳ ಮೊಣಕೈ ಹಿಡಿದು, ಏಪ್ರನ್ನಿನ ಗಂಟನ್ನು ಮೇಜಿನ ಮೇಲೆ ಸುರಿದಳು. ಗಟ್ಟಿ, ಕಂದು, ಪುಟ್ಟ ಪುಟ್ಟ ಗೆಡ್ಡೆಗಳು. ನಿಜವಾದ ತಾಯಂದಿರು. "ನಾಳೆ ಅಮ್ಮ ಮಲಗಿದಾಗ ಬದಲಾಯಿಸಿಬಿಡು. ಎಷ್ಟಂದ್ರೂ ನಮ್ಮನೆದು ಹೋಗ್ಬಾರ್ದಲ್ಲ" ಎಂದಳು. ಅವಳ ದನಿಯಲ್ಲಿ ಈ ಸಲ ಕುಹಕವಿರಲಿಲ್ಲ. ಅದೇ ಇನ್ನಷ್ಟು ಕಷ್ಟವಾಯಿತು. "ಹೇಳಲ್ಲ ಕಣೇ" ಎಂದು ಬಾಗಿಲಲ್ಲಿ ಇನ್ನೊಮ್ಮೆ ಹೇಳಿ ಹೋದಳು.

ಉಸ್ತೀನ್ಯಾ ಮೇಜಿನ ಮುಂದೆ ನಿಂತಳು. ರಾತ್ರಿಯೂಟದ ಕಡುಬಿನ ಹಿಟ್ಟು ಉಬ್ಬಿ ಬಟ್ಟೆಯನ್ನು ಮೇಲಕ್ಕೆತ್ತುತ್ತಿತ್ತು. ಒಳಗೆ ತುಂಬಲು ಈರುಳ್ಳಿ ಹೆಚ್ಚಬೇಕಿತ್ತು. ಮೂಲೆಯಲ್ಲಿ ಹಾಲೆಂಡಿನ ದಪ್ಪ ಈರುಳ್ಳಿಯ ಬುಟ್ಟಿ, ಕೈಗೆ ಸಿಗುವಷ್ಟು ದೂರದಲ್ಲೇ. ಅವಳು ಚಾಕುವನ್ನು ತೆಗೆದುಕೊಂಡು, ಮೇಜಿನ ಮೇಲಿನ ಮೊದಲನೆಯ ತಾಯಿಯ ಸಿಪ್ಪೆ ಸುಲಿದಳು. ಬೇಕೆಂದು ಮಾಡುತ್ತಿದ್ದೇನೆಯೇ ಎಂದು ಒಳಗೆ ಯಾರೋ ಕೇಳಿದರು. ಈ ಸಲ ಕೈಯ ಮೇಲೆ ಹಾಕುವಂತಿರಲಿಲ್ಲ. ಹೌದು ಎಂದುಕೊಂಡು ಎರಡನೆಯದನ್ನು ಸುಲಿದಳು. ಪೆಲಗೇಯಾಳ ಒಲೆಯ ಮೇಲೆ ಇನ್ನೂ ಇವೆ, ವಂಶ ಹಾಳಾಗುವುದಿಲ್ಲ. ಬಾಣಲೆಯಲ್ಲಿ ಎಣ್ಣೆ ಕಾದಿತ್ತು. ಅಷ್ಟನ್ನೂ ಹೆಚ್ಚಿ ಹಾಕಿದಾಗ ಮನೆಯ ತುಂಬ ವಾಸನೆ ಎದ್ದಿತು. ಇನ್ನಾವುದೇ ಈರುಳ್ಳಿಯ ವಾಸನೆಯಂಥದೇ.

ಊಟಕ್ಕೆ ಕೂತರು. ಅಗ್ರಫೇನಾ ಕಡುಬಿನ ತುಂಡನ್ನು ಬಾಯಿಗಿಟ್ಟು ಎರಡು ಸಲ ಅಗಿದು ನಿಲ್ಲಿಸಿದಳು.

"ಇದೆಲ್ಲಿಯ ಈರುಳ್ಳಿನೇ?"

ಉಸ್ತೀನ್ಯಾಳ ಲೋಟ ತುಟಿಯ ಬಳಿಯೇ ನಿಂತಿತು.

"ನೀರು ನೀರು" ಎಂದಳು ಮುದುಕಿ. "ಘಾಟಿಲ್ಲ, ಸಿಹಿಯಿಲ್ಲ. ನಿಮ್ಮ ದ್ವೀಪದ್ದು ತಾನೇ? ನಿನ್ನ ತಮ್ಮ ಕಳಿಸಿರ್ಬೇಕು."

ಲುಕ್ಯಾನ ಅಗಿಯುವುದನ್ನು ನಿಲ್ಲಿಸಿ, ತೊಲೆಯನ್ನೂ ತಟ್ಟೆಯನ್ನೂ ಒಂದಾದಮೇಲೊಂದು ನೋಡಿದ.

"ಹೌದು ಅತ್ತೆ" ಎಂದಳು ಉಸ್ತೀನ್ಯಾ. "ನಮ್ಮ ದ್ವೀಪದ್ದು."

"ನಾನು ಹೇಳಿರ್ಲಿಲ್ವಾ. ನಾಲಿಗೆಗೆ ಪೊರೆ ಬರಲ್ಲ." ಅಗ್ರಫೇನಾ ತೃಪ್ತಿಯಿಂದ ಇನ್ನೊಂದು ತುಂಡಿಗೆ ಕೈಚಾಚಿದಳು. "ಹಸಿವಿಗೆ ಪರವಾಗಿಲ್ಲ. ವಸಂತಕ್ಕೆ ಮನೆ ಮುಂದಿನ ಮಡೀಲಿ ಮಾತ್ರ ಇದನ್ನ ಸೇರಿಸ್ಬೇಡ. ತಾಯಂದಿರದು ಅದು."

"ಸೇರಿಸಲ್ಲ ಅತ್ತೆ."

ಲುಕ್ಯಾನ ಏನೋ ಕೇಳಲು ಬಾಯಿ ತೆರೆದವನು, ಯೋಚಿಸಿ, ಅದರೊಳಗೆ ಕಡುಬನ್ನಿಟ್ಟ. ಉಸ್ತೀನ್ಯಾ ಎಲ್ಲರಿಗೂ ಚಹಾ ಬಗ್ಗಿಸಿ, ಸಕ್ಕರೆಯ ಹರಳನ್ನು ಹಲ್ಲಿನ ನಡುವೆ ಹಿಡಿದು ನಿಧಾನವಾಗಿ ಹೀರಿದಳು. ದ್ವೀಪದ ಈರುಳ್ಳಿಯ ಬೇರಿಗೆ ನೀರು ತಾಕಬಾರದು. ಜವುಗಿನ ನಡುವೆ ಅಮ್ಮ ಅದಕ್ಕೆ ಸೊಂಟದೆತ್ತರದ ಮಡಿ ಕಟ್ಟುತ್ತಿದ್ದಳು; ಈ ದಡದಲ್ಲಿ ಅಷ್ಟೆತ್ತರದ್ದು ಯಾರ ಮನೆಯ ಮುಂದೆಯೂ ಇಲ್ಲ. ಜಡೆ ತೊಲೆಯಿಂದ ಇಳಿಯುವ ಮೊದಲೇ, ಮಂಜು ಕರಗಿದ ಕೂಡಲೇ ಸರೋವರದ ಕೆಸರು ಹೊತ್ತು ತಂದು ಮನೆಯ ಮುಂದಿನ ಏರುಮಡಿಯನ್ನು ಎರಡು ಗೇಣು ಎತ್ತರಿಸಬೇಕು ಎಂದು ಅವಳು ನಿರ್ಧರಿಸಿದಳು. ಬೀದಿಯಲ್ಲಿ ಹೋಗುವವರು ಕೇಳುತ್ತಾರೆ. ಪೆಲಗೇಯಾ ಅಂತೂ ಬೇಲಿಗೇ ಬಂದು ನಿಲ್ಲುತ್ತಾಳೆ. ಕೇಳಲಿ. ಚಹಾ ಸಾಕೆಂದು ಲೋಟವನ್ನು ಮಗುಚಿಟ್ಟು, ಉಳಿದಿದ್ದ ಒಂದು ತುಂಡು ಕಡುಬನ್ನು ತನ್ನ ತಟ್ಟೆಗೆ ಎಳೆದುಕೊಂಡಳು.